ಲೋಕಾಯುಕ್ತದ ಹಲ್ಲು ಕಿತ್ತ ಕಥೆ (ಭಾಗ 3)

ಎಷ್ಟು ರೈಡ್ ಆಯ್ತು ಅಂತ ಎಣಿಸಬೇಡಿ. ಆ ಪೊಲೀಸರು ಯಾರ ಕೈಕೆಳಗಿದ್ದಾರೆ ಅಂತ ನೋಡಿ. ಸಂಸ್ಥೆ ಗಟ್ಟಿನಾ, ಟೊಳ್ಳಾ ಅಂತ ಅಲ್ಲೇ ಗೊತ್ತಾಗುತ್ತೆ.

ನಮ್ಮ ಲೋಕಾಯುಕ್ತ ಹುಟ್ಟಿದ್ದು 1984ರ ಕಾಯ್ದೆಯಿಂದ. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು. ಅದೇ ತಿಂಗಳ ಕೊನೆಗೆ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು.

2016ರಲ್ಲಿ ಕಾಂಗ್ರೆಸ್ ಸರ್ಕಾರ ಒಂದು ಆದೇಶ ಹೊರಡಿಸಿ ಎಸಿಬಿ ಮಾಡಿತು. ಭ್ರಷ್ಟಾಚಾರದ ಕೇಸು ಹಾಕೋ ಅಧಿಕಾರ ಲೋಕಾಯುಕ್ತ ಪೊಲೀಸರಿಂದ ಅಲ್ಲಿಗೆ ಹೋಯ್ತು. ಎಸಿಬಿ ಇದ್ದಿದ್ದು ಮುಖ್ಯಮಂತ್ರಿ ಕೈಕೆಳಗೆ! ಆಮೇಲೆ ಬಂದ ಸರ್ಕಾರಗಳೂ ಅದನ್ನ ಮುಚ್ಚಲಿಲ್ಲ. 2022ರ ಆಗಸ್ಟ್‌ನಲ್ಲಿ ಹೈಕೋರ್ಟೇ ರದ್ದು ಮಾಡಿ, ಅಧಿಕಾರ ವಾಪಸ್ ಲೋಕಾಯುಕ್ತಕ್ಕೆ ಕೊಡಿಸಿತು.

ಇವತ್ತಿಗೂ ಅಧಿಕಾರಿಯನ್ನ ಕೋರ್ಟಿಗೆ ಎಳೆಯೋಕೆ ಸರ್ಕಾರದ ಅನುಮತಿ ಬೇಕು. ಮುಂದಿನ ಸಲ ರೈಡ್ ರೀಲ್ಸ್ ಕಂಡ್ರೆ ಕಾಮೆಂಟಲ್ಲಿ ಕೇಳಿ: ‘ಅನುಮತಿ ಸಿಕ್ತಾ?’

#ನಮ್ಮಇತಿಹಾಸ #ಲೋಕಾಯುಕ್ತ