ರಿಚ್ ಕಂಡ ಮರಿಗಳು: ಕೊಲಂಬಿಯಾ ಅಳಿವೆಯ ಸಾಲ್ಮನ್ ಚರಿತ್ರೆಯಲ್ಲಿ ಒಂದು ತಪ್ಪು ಓದು

ಕೊಲಂಬಿಯಾ ನದಿಯ ಅಳಿವೆ ಮರಿ ಸಾಲ್ಮನ್‌ಗಳಿಗೆ ಕಡಲು ಸೇರುವ ದಾರಿ ಮಾತ್ರ, ಅಲ್ಲಿ ಅವು ಹೆಚ್ಚು ದಿನ ನಿಲ್ಲುವುದಿಲ್ಲ ಎಂಬ ಅಭಿಪ್ರಾಯ ಅಮೆರಿಕದ ವಾಯವ್ಯ ಕರಾವಳಿಯಲ್ಲಿ ಬಹುಕಾಲ ಬೇರೂರಿತ್ತು. ಅದಕ್ಕೆ ಊರುಗೋಲಾದದ್ದು ನದೀಮುಖದಿಂದ ಸುಮಾರು 75 ಕಿ.ಮೀ. ಮೇಲಿರುವ ಜೋನ್ಸ್ ಬೀಚ್‌ನ ಬಲೆಸಮೀಕ್ಷೆ. ಡಾಲಿ ಮತ್ತು ಸಂಗಡಿಗರು 1966ರಿಂದ 1983ರವರೆಗಿನ ಮಾಹಿತಿಯನ್ನು 1986ರಲ್ಲಿ ವರದಿಯಾಗಿ ಕೊಟ್ಟರು. ಗುರುತು ಹಾಕಿದ ಮರಿಗಳು ನದಿಯಲ್ಲಿ ಬಂದ ವೇಗದಲ್ಲೇ ಅಳಿವೆಯನ್ನೂ ದಾಟುತ್ತಿದ್ದವು. ವರದಿಯ ಕೋಷ್ಟಕಗಳಲ್ಲಿ ದೋಷವಿಲ್ಲ. ಅವುಗಳಿಂದ ಚಿನೂಕ್ ಸಾಲ್ಮನ್‌ನ ಸ್ವಭಾವವನ್ನೇ ತೀರ್ಮಾನಿಸಿದವರು ಎಡವಿದ್ದಾರೆ.

ಏಕೆಂದರೆ ಇದಕ್ಕೆ ವಿರುದ್ಧವಾದ ಸಾಕ್ಷ್ಯ ಅದಾಗಲೇ ಅಚ್ಚಿನಲ್ಲಿತ್ತು. ವಿಲಿಸ್ ರಿಚ್ 1914ರಿಂದ 1916ರವರೆಗೆ ಕೊಲಂಬಿಯಾದ ಕೆಳಭಾಗದಲ್ಲಿ ದಡದಿಂದ ಎಳೆಯುವ ಬಲೆ ಹಾಕಿ (ನಮ್ಮ ಕರಾವಳಿಯ ರಂಪಣಿಯ ಚಿಕ್ಕ ತಮ್ಮನೆನ್ನಬಹುದಾದ ಬಲೆ) ಮರಿಗಳನ್ನು ಹಿಡಿದು, ಅಳೆದು, ಹುರುಪೆಗಳನ್ನು ಸೂಕ್ಷ್ಮದರ್ಶಕದಡಿ ಓದಿದರು. ಅದರ ಫಲ 1920ರಲ್ಲಿ ಅಮೆರಿಕದ ಮೀನುಗಾರಿಕಾ ಬ್ಯೂರೋದ ಬುಲೆಟಿನ್‌ನಲ್ಲಿ ಪ್ರಕಟವಾಯಿತು. ಆಗತಾನೇ ಮೊಟ್ಟೆಯ ಚೀಲ ಕರಗಿಸಿಕೊಂಡ ಪುಟ್ಟ ಮರಿಗಳಿಂದ ಹಿಡಿದು ವರ್ಷ ತುಂಬಿದವುಗಳವರೆಗೆ ಹಲವು ಗಾತ್ರದವು, ಹಲವು ತಿಂಗಳುಗಳಲ್ಲಿ, ಅವರ ಬಲೆಗೆ ಬಿದ್ದಿದ್ದವು.

ವಿವಾದವಿರುವುದು ಹುರುಪೆಯ ಉಂಗುರಗಳ ಬಗ್ಗೆ. ಮೀನು ನಿಧಾನವಾಗಿ ಬೆಳೆಯುವಾಗ ಉಂಗುರಗಳು ಒತ್ತೊತ್ತಾಗಿ, ಬೇಗ ಬೆಳೆಯುವಾಗ ಅಗಲವಾಗಿ ಮೂಡುತ್ತವೆ. ಸ್ಟ್ಯಾನ್‌ಫರ್ಡ್‌ನ ಚಾರ್ಲ್ಸ್ ಗಿಲ್ಬರ್ಟ್ 1913ರಲ್ಲಿ ಪೆಸಿಫಿಕ್ ಸಾಲ್ಮನ್‌ಗಳ ವಯಸ್ಸನ್ನು ಈ ವಿಧಾನದಿಂದಲೇ ತೋರಿಸಿದ್ದರು. ರಿಚ್ ಅದೇ ಪರಂಪರೆಯವರು. ನದಿಯ ಒತ್ತುಂಗುರಗಳಿಗೂ ಕಡಲಿನ ಅಗಲ ಉಂಗುರಗಳಿಗೂ ನಡುವೆ ಅವರು ಮಧ್ಯಮ ಅಂತರದ ಪಟ್ಟಿಯೊಂದನ್ನು ಗುರುತಿಸಿ, ಅದನ್ನು ಅಳಿವೆಯಲ್ಲಿ ಆದ ಬೆಳವಣಿಗೆ ಎಂದರು.

ಇದಕ್ಕೊಂದು ಆಕ್ಷೇಪವಿದೆ, ಅದು ಹಗುರವಾದದ್ದಲ್ಲ. ಉಂಗುರದ ಅಂತರ ಬೆಳವಣಿಗೆಯ ವೇಗವನ್ನು ಹೇಳುತ್ತದೆಯೇ ಹೊರತು ನೀರಿನ ಉಪ್ಪನ್ನಲ್ಲ. ಬೆಚ್ಚಗಿನ, ಆಹಾರ ಸಮೃದ್ಧವಾದ ಸಿಹಿನೀರಿನಲ್ಲೂ ಅಂಥ ಪಟ್ಟಿ ಮೂಡಬಹುದು. ಹುರುಪೆಯೊಂದನ್ನೇ ನೋಡಿದರೆ ಈ ಆಕ್ಷೇಪಕ್ಕೆ ಉತ್ತರವಿಲ್ಲ. ಆದರೆ ರಿಚ್ ನಂಬಿದ್ದು ಹುರುಪೆಯನ್ನು ಮಾತ್ರವಲ್ಲ. ಮರಿಗಳು ಸಿಕ್ಕ ಜಾಗ, ತಿಂಗಳು, ಗಾತ್ರ ಎಲ್ಲವನ್ನೂ ಪಕ್ಕದಲ್ಲಿಟ್ಟುಕೊಂಡೇ ಅವರು ಉಂಗುರಗಳನ್ನು ಓದಿದರು. ಆಕ್ಷೇಪ ಎತ್ತುವವರು ಈ ಭಾಗವನ್ನು ಹಾರಿಸಿಬಿಡುತ್ತಾರೆ.

ಹೊಸ ತಂತ್ರಗಳು ರಿಚ್ ಅವರನ್ನು ಹಿಂದಿಕ್ಕಿವೆ ಎಂಬ ವಾದವೂ ಅಷ್ಟು ಗಟ್ಟಿಯಲ್ಲ. ಮೀನಿನ ಕಿವಿಯೊಳಗಿನ ಸುಣ್ಣದ ಹರಳಿನಲ್ಲಿ ಸ್ಟ್ರಾಂಷಿಯಂ ಪ್ರಮಾಣ ಅಳೆದರೆ ಅದು ಉಪ್ಪುನೀರಿಗೆ ಇಳಿದ ಹೊತ್ತು ತಿಳಿಯುತ್ತದೆ, ನಿಜ. ಆದರೆ ಕೊಲಂಬಿಯಾದಲ್ಲಿ ಉಬ್ಬರವಿಳಿತ ನದೀಮುಖದಿಂದ ಸುಮಾರು 235 ಕಿ.ಮೀ. ದೂರದ ಬಾನ್‌ವಿಲ್ ಅಣೆಕಟ್ಟಿನ ಬುಡದವರೆಗೂ ಮುಟ್ಟುತ್ತದೆ. ಉಪ್ಪು ಏರುವುದು ಅದರ ಸಣ್ಣದೊಂದು ಭಾಗಕ್ಕೆ ಮಾತ್ರ. ಉಬ್ಬರದ ಸಿಹಿನೀರಿನ ಜೌಗಿನಲ್ಲಿ ವಾರಗಟ್ಟಲೆ ಮೇದ ಮರಿ ಈ ಹರಳಿನ ಲೆಕ್ಕಕ್ಕೆ ಸಿಗುವುದೇ ಇಲ್ಲ. ವಿದ್ಯುನ್ಮಾನ ಗುರುತುಗಳ ಮಿತಿ ಇನ್ನೂ ದೊಡ್ಡದು: ತೀರ ಚಿಕ್ಕ ಮರಿಯ ಮೈಯೊಳಗೆ ಅದನ್ನು ಸೇರಿಸಲಾಗದು. ಅಳಿವೆಯ ಆಳವಿಲ್ಲದ ಕಾಲುವೆಗಳಲ್ಲಿ ಹೆಚ್ಚು ಕಾಲ ಕಳೆಯುವುದು ಆ ಚಿಕ್ಕ ಮರಿಗಳೇ. ಅವುಗಳನ್ನು ಎಣಿಸದ ಉಪಕರಣ ಹಿಡಿದು, ಅವು ಇಲ್ಲವೆಂದು ಸಾರುವುದು ಸಂಶೋಧನೆಯಲ್ಲ.

ಜೋನ್ಸ್ ಬೀಚ್ ಸಮೀಕ್ಷೆಯ ಹೊತ್ತಿಗೆ ನದಿಯೇ ಬೇರೆಯಾಗಿತ್ತು. 1938ರಲ್ಲಿ ಬಾನ್‌ವಿಲ್, 1942ರಲ್ಲಿ ಗ್ರ್ಯಾಂಡ್ ಕೂಲಿ, ಆಮೇಲೆ ಸಾಲುಸಾಲು ಅಣೆಕಟ್ಟುಗಳು ಬಂದವು. ಒಡ್ಡು ಕಟ್ಟಿ ಹೊಲ ಮಾಡಿಕೊಂಡದ್ದರಿಂದ ಅಳಿವೆಯ ಉಬ್ಬರದ ಜೌಗುಕಾಡುಗಳು ಬಹುಪಾಲು ಕಳೆದುಹೋಗಿದ್ದವು. ಹ್ಯಾಚರಿಯಲ್ಲಿ ದೊಡ್ಡದಾಗಿ ಬೆಳೆಸಿ ಬಿಟ್ಟ ಮರಿಗಳೇ ನದಿ ತುಂಬಿದ್ದವು. ಅವು ಕಡಲಿಗೆ ಧಾವಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಡೇನಿಯಲ್ ಬಾಟಮ್, ಚಾರ್ಲ್ಸ್ ಸೈಮನ್‌ಸ್ಟಾಡ್ ಮತ್ತು ಸಂಗಡಿಗರು ರಿಚ್ ಅವರ ಕೋಷ್ಟಕಗಳನ್ನು ಮತ್ತೆ ತೆರೆದು, 2005ರ ವರದಿಯಲ್ಲಿ ಮುಂದಿಟ್ಟ ವಾದವೂ ಇದೇ: ಮೀನಿನ ಬದುಕಿನ ಹಲವು ಬಗೆಗಳು ಅಳಿಸಿಹೋಗಿವೆ, ಉಳಿದದ್ದನ್ನೇ ಪೂರ್ಣವೆಂದು ಭಾವಿಸಲಾಗಿದೆ. ರಿಚ್ ಕಂಡದ್ದೂ ಮೂಲಸ್ಥಿತಿಯಲ್ಲ ಎಂಬುದನ್ನು ಒಪ್ಪಬೇಕು. 1866ರಲ್ಲೇ ಅಲ್ಲಿ ಸಾಲ್ಮನ್ ಡಬ್ಬಿ ಕಾರ್ಖಾನೆ ಶುರುವಾಗಿತ್ತು. ಆದರೆ ಈ ತಿದ್ದುಪಡಿ ಅವರ ಪಕ್ಷವನ್ನೇ ಬಲಪಡಿಸುತ್ತದೆ: ಅಷ್ಟು ಸುಲಿಗೆಯ ನಂತರವೂ ಅಷ್ಟು ವೈವಿಧ್ಯ ಉಳಿದಿತ್ತು.

ಬೇರೆ ನದಿಯ ಸಾಕ್ಷಿಯೂ ಇದೆ. ಒರೆಗಾನ್‌ನ ಸಿಕ್ಸಸ್ ನದಿಯಲ್ಲಿ ಪಾಲ್ ರೀಮರ್ಸ್ ಮರಿ ಚಿನೂಕ್‌ಗಳ ಐದು ಬಗೆಯ ಬದುಕನ್ನು ಗುರುತಿಸಿದರು. 1973ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಮೊಟ್ಟೆಯಿಡಲು ಮರಳಿದ ಮೀನುಗಳಲ್ಲಿ ಸುಮಾರು 90 ಪ್ರತಿಶತ ಒಂದೇ ಬಗೆಯವು: ಬೇಸಿಗೆಯ ಮೊದಲ ಭಾಗದವರೆಗೆ ನದಿಯಲ್ಲಿದ್ದು, ಅನಂತರ ಅಳಿವೆಯಲ್ಲಿ ದೀರ್ಘಕಾಲ ಮೇದು ಬೆಳೆದು, ಆಮೇಲೆ ಕಡಲಿಗಿಳಿದವು. ಇದನ್ನೂ ಹುರುಪೆಯಿಂದಲೇ ಓದಿದ್ದು, ಆದ್ದರಿಂದ ಹಳೆಯ ಆಕ್ಷೇಪ ಇಲ್ಲಿಗೂ ತಾಗುತ್ತದೆ. ಅದೇ ರಾಜ್ಯದ ಸಾಲ್ಮನ್ ನದಿಗೆ ಅದು ಅಷ್ಟಾಗಿ ತಾಗದು. ಅಲ್ಲಿ 1978, 1987 ಮತ್ತು 1996ರಲ್ಲಿ ಜೌಗಿನ ಒಡ್ಡುಗಳನ್ನು ತೆಗೆಯಲಾಯಿತು. 1970ರ ದಶಕದ ಸಮೀಕ್ಷೆಯನ್ನು 2000ದ ನಂತರದ್ದರ ಜೊತೆ ಹೋಲಿಸಿದಾಗ, ಅಳಿವೆಯನ್ನು ಬಳಸುವ ಚಿನೂಕ್ ಮರಿಗಳ ಬಗೆಗಳು ಹೆಚ್ಚಿರುವುದು ಕಂಡುಬಂತು. ತೆರವಾದ ಜೌಗುಗಳಿಗೆ ಪುಟ್ಟ ಮರಿಗಳು ಬಂದು ನೆಲೆಸಿದ್ದವು.

ಅಳಿವೆಯನ್ನು ಬರೀ ದಾರಿಯೆಂದ ಓದು ಇನ್ನು ನಿಲ್ಲುವಂಥದ್ದಲ್ಲ. ಮರಿಗಳನ್ನು ಬಾರ್ಜ್‌ಗೆ ತುಂಬಿ ಬಾನ್‌ವಿಲ್ ಕೆಳಗೆ ಇಳಿಸುವ ಯೋಜನೆಗಳ ಲಾಭನಷ್ಟ ಲೆಕ್ಕ ಹಾಕುವವರು 1986ರ ಕೋಷ್ಟಕಗಳ ಪಕ್ಕದಲ್ಲಿ 1920ರ ಕೋಷ್ಟಕಗಳನ್ನೂ ಇಟ್ಟುಕೊಂಡೇ ಲೆಕ್ಕ ಹಾಕಬೇಕು.