ಗರ್ಭಗುಡಿ, ಬೃಂದಾವನ, ಮಡಕೆ

ದೇವರು ನೆಲೆಸಿರುವ ಒಳಕೋಣೆಗೆ ಕನ್ನಡದಲ್ಲಿ ಗರ್ಭಗುಡಿ ಎಂದು ಹೆಸರು. ಕಿಟಕಿಯಿಲ್ಲದ ಗೋಡೆಗಳು, ಒಂದೇ ಬಾಗಿಲು, ಒಳಗೆ ಕತ್ತಲು, ಕತ್ತಲಲ್ಲಿ ನಂದಾದೀಪ. ತಾಯಿಯ ಒಡಲೇ ಇದಕ್ಕೆ ಮಾದರಿ. ಸತ್ತವರಿಗಾಗಿ ಕಟ್ಟಿದ ನೆಲೆಗಳಲ್ಲೂ ಇದೇ ಕಲ್ಪನೆ ಕೆಲಸ ಮಾಡಿದೆ. ಬೆಂಗಳೂರಿನ ಗಾಂಧಿ ಬಜಾರಿನ ಆಸುಪಾಸಿನಲ್ಲಿ ಎರಡನ್ನೂ ಕಾಣಬಹುದು.

ಗಾಂಧಿ ಬಜಾರ್ ಇರುವ ಬಸವನಗುಡಿ ಬಡಾವಣೆ ರೂಪುಗೊಂಡದ್ದು 1898ರ ಪ್ಲೇಗಿನ ನಂತರ. ಅದಕ್ಕಿಂತ ಬಹಳ ಹಳೆಯದು ಪಕ್ಕದ ಗವೀಪುರದ ಗವಿ ಗಂಗಾಧರೇಶ್ವರ ದೇವಾಲಯ. ಇಲ್ಲಿ ಬಂಡೆಯ ಗವಿಯೇ ಗರ್ಭಗುಡಿ. ಭಕ್ತರು ಬಗ್ಗಿಕೊಂಡು ಪ್ರದಕ್ಷಿಣೆ ಮಾಡಬೇಕು. ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುತ್ತದೆ. ಕಟ್ಟಿದ ಗುಡಿಗಳಲ್ಲಾದರೆ ತಳಪಾಯದ ಹಂತದಲ್ಲೇ ಗರ್ಭನ್ಯಾಸ ನಡೆಯುತ್ತದೆ. ಖಾನೆಗಳಿರುವ ಲೋಹದ ಪೆಟ್ಟಿಗೆಯಲ್ಲಿ ಧಾನ್ಯ, ಲೋಹ, ರತ್ನಗಳನ್ನಿಟ್ಟು ರಾತ್ರಿ ಹೊತ್ತು ನೆಲದೊಳಗೆ ಇರಿಸುವ ಈ ವಿಧಿಯನ್ನು ‘ಮಯಮತ’ದಂಥ ಶಿಲ್ಪಗ್ರಂಥಗಳು ವಿವರಿಸುತ್ತವೆ. ಭೂಮಿ ಬಸಿರಾದ ಮೇಲಷ್ಟೇ ಗುಡಿ ಬೆಳೆಯಬೇಕು ಎಂಬುದು ಇದರ ತಾತ್ಪರ್ಯ.

ಯತಿಗಳ ಸಮಾಧಿಗೂ ಇಂಥದೇ ಹಿನ್ನೆಲೆಯಿದೆ. ಸನ್ಯಾಸ ಸ್ವೀಕರಿಸುವಾಗಲೇ ಆತ್ಮಶ್ರಾದ್ಧ ಮಾಡಿಕೊಂಡವರಿಗೆ ಲೌಕಿಕ ಮರಣ ಅಂದೇ ಮುಗಿದಿರುತ್ತದೆ. ಆದ್ದರಿಂದ ಅವರ ದೇಹಕ್ಕೆ ಅಗ್ನಿಸಂಸ್ಕಾರವಿಲ್ಲ. ಧ್ಯಾನಕ್ಕೆ ಕುಳಿತ ಭಂಗಿಯಲ್ಲೇ ಭೂಮಿಯೊಳಗೆ ಇಡುತ್ತಾರೆ. ಮಾಧ್ವರಲ್ಲಿ ಅದರ ಮೇಲೆ ಬೃಂದಾವನ ಏಳುತ್ತದೆ. ಪೇಜಾವರದ ವಿಶ್ವೇಶತೀರ್ಥರು 2019ರ ಡಿಸೆಂಬರ್ 29ರಂದು ಉಡುಪಿಯಲ್ಲಿ ತೀರಿಕೊಂಡಾಗ ಅವರ ಬೃಂದಾವನಕ್ಕೆ ನೆಲೆಯಾದದ್ದು ಬೆಂಗಳೂರಿನ ಪೂರ್ಣಪ್ರಜ್ಞ ವಿದ್ಯಾಪೀಠ. ಬೃಂದಾವನ ಮತ್ತೊಂದು ಬೃಂದಾವನಕ್ಕೆ ಜನ್ಮ ಕೊಡುವುದೂ ಉಂಟು. ರಾಘವೇಂದ್ರಸ್ವಾಮಿಗಳು 1671ರಲ್ಲಿ ಮಂತ್ರಾಲಯದಲ್ಲಿ ಬೃಂದಾವನಸ್ಥರಾದರು. ಅಲ್ಲಿಂದ ತಂದ ಮೃತ್ತಿಕೆಯಿಂದ ಊರೂರಿನ ಮಠಗಳಲ್ಲಿ ಮೃತ್ತಿಕಾ ಬೃಂದಾವನಗಳ ಪ್ರತಿಷ್ಠೆಯಾಗಿದೆ. ವೀರಶೈವ ಲಿಂಗಾಯತರಲ್ಲಿ ಗೃಹಸ್ಥರಿಗೂ ಕುಳಿತ ಭಂಗಿಯ ಸಮಾಧಿಯೇ ಸಂಪ್ರದಾಯ. ಅಂಗೈಯಲ್ಲಿ ಇಷ್ಟಲಿಂಗವಿರುತ್ತದೆ, ಸಾವನ್ನು ಲಿಂಗೈಕ್ಯ ಎನ್ನುತ್ತಾರೆ. ಗುರುಗಳ ಸಮಾಧಿ ಗದ್ದುಗೆಯಾಗಿ ಪೂಜೆಗೊಳ್ಳುತ್ತದೆ.

ಬೇರೆ ಧರ್ಮಗಳಲ್ಲೂ ಈ ಕಲ್ಪನೆಯಿದೆ. ಬೌದ್ಧರಲ್ಲಿ ಸ್ತೂಪದ ಗುಮ್ಮಟಕ್ಕೆ ‘ಅಂಡ’ವೆಂದೂ ಅಸ್ಥಿ ಇಟ್ಟ ಜಾಗಕ್ಕೆ ‘ಧಾತುಗರ್ಭ’ವೆಂದೂ ಹೆಸರು. ಕ್ರೈಸ್ತರು ದೀಕ್ಷಾಸ್ನಾನದ ನೀರಿನಲ್ಲಿ ಹಳೆಯ ಮನುಷ್ಯನ ಸಮಾಧಿಯನ್ನೂ ಹೊಸ ಮನುಷ್ಯನ ಹುಟ್ಟನ್ನೂ ಒಟ್ಟಿಗೆ ಕಾಣುತ್ತಾರೆ.

ಮನೆಯ ಅಪರಕರ್ಮಗಳಲ್ಲಿ ಬಸಿರು ಸಾವುಗಳ ಈ ನಂಟು ಇನ್ನೂ ನೇರ. ಹೊಟ್ಟೆಯಲ್ಲಿರುವ ಭ್ರೂಣವೂ ಪಿಂಡ, ತೀರಿಕೊಂಡವರಿಗೆ ಇಡುವ ಅನ್ನದುಂಡೆಯೂ ಪಿಂಡ. ಗರುಡಪುರಾಣದ ಪ್ರಕಾರ ಮೊದಲ ದಿನದ ಪಿಂಡದಿಂದ ಪ್ರೇತಕ್ಕೆ ತಲೆ ಮೂಡುತ್ತದೆ. ಮುಂದಿನ ದಿನಗಳಲ್ಲಿ ಒಂದೊಂದೇ ಅಂಗ ಕೂಡಿಕೊಂಡು ಹತ್ತನೆಯ ದಿನ ಹಸಿವು ಬಾಯಾರಿಕೆ ಹುಟ್ಟುತ್ತವೆ. ಗರ್ಭದ ಹತ್ತು ಚಾಂದ್ರಮಾಸಗಳು ಇಲ್ಲಿ ಹತ್ತು ದಿನಗಳಾಗಿವೆ. ಶ್ರಾದ್ಧದಲ್ಲಿ ಇಟ್ಟ ಮೂರು ಪಿಂಡಗಳಲ್ಲಿ ನಡುವಿನದನ್ನು ಪುತ್ರಾಕಾಂಕ್ಷಿಯಾದ ಹೆಂಡತಿ ತಿನ್ನಬೇಕೆಂದು ಮನುಸ್ಮೃತಿ ಹೇಳುತ್ತದೆ. ಪಿತೃಗಳಿಗೆ ಕೊಟ್ಟದ್ದು ಹೀಗೆ ಮರಳಿ ಬಸಿರಿಗೇ ಬರುತ್ತದೆ.

ಇವೆಲ್ಲಕ್ಕಿಂತ ಹಳೆಯ ಸಂಕೇತ ಮಣ್ಣಿನ ಮಡಕೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವ್ಹೀಲರ್ 1947ರಲ್ಲಿ ನಡೆಸಿದ ಉತ್ಖನನದಲ್ಲಿ, ಶಿಲಾಯುಧಗಳ ಕಾಲದ ಜನ ಎಳೆಗೂಸುಗಳನ್ನು ಮಡಕೆಯಲ್ಲಿಟ್ಟು ಹೂಳುತ್ತಿದ್ದುದು ಕಂಡುಬಂತು. ಮಹಾಭಾರತದಲ್ಲಿ ಗಾಂಧಾರಿಯ ನೂರು ಮಕ್ಕಳು ಬೆಳೆದದ್ದು ತುಪ್ಪದ ಕೊಡಗಳಲ್ಲಿ. ಮದುವೆಯಲ್ಲಿ ಕಲಶವಾಗಿ ಪೂಜೆಗೊಳ್ಳುವ ಪಾತ್ರೆಯ ಜಾಗದಲ್ಲಿ ಸ್ಮಶಾನದಲ್ಲಿ ನೀರಿನ ಮಡಕೆ ಇರುತ್ತದೆ. ಕರ್ತೃ ಅದನ್ನು ಹೆಗಲ ಮೇಲಿಟ್ಟು ಚಿತೆಯನ್ನು ಸುತ್ತುತ್ತಾನೆ. ಸುತ್ತಿಗೊಂದು ತೂತು ಬೀಳುತ್ತದೆ. ಕೊನೆಗೆ ಹಿಂದಕ್ಕೆ ಕೆಡವಿ ಒಡೆಯುತ್ತಾನೆ.

ದಿನದ ಮಾತಿನಲ್ಲೂ ಈ ತಿಳಿವಳಿಕೆ ಉಳಿದಿದೆ. ಹಳ್ಳಿಗಳಲ್ಲಿ ಹೂಳುವುದನ್ನು ‘ಮಣ್ಣು ಮಾಡುವುದು’ ಎನ್ನುತ್ತಾರೆ. ಸತ್ತವರು ಭೂತಾಯಿಯ ಮಡಿಲು ಸೇರಿದರು ಎನ್ನುತ್ತಾರೆ. ಮಲೆನಾಡಿನ ರೈತರು ಭೂಮಿ ಹುಣ್ಣಿಮೆಯಂದು ತೆನೆ ಕಟ್ಟುವ ಗದ್ದೆಯನ್ನು ಬಸುರಿಯೆಂದು ಬಗೆದು, ಬಯಕೆಯೂಟವನ್ನು ಬೀರುತ್ತಾರೆ.

ಆದರೆ ಇದೇ ಸಂಕೇತ ದಂಡನೆಯ ಸಾಧನವೂ ಆಗಿತ್ತು. ಜಾತಿಯಿಂದ ಹೊರಹಾಕಿದವರಿಗೆ ಬದುಕಿರುವಾಗಲೇ ಮಡಕೆ ಒಡೆದು ಶ್ರಾದ್ಧ ಮಾಡುವುದು ಘಟಶ್ರಾದ್ಧ. ಬಸಿರಾದ ಎಳೆಯ ವಿಧವೆಗೆ ಆ ಶಿಕ್ಷೆಯಾದ ಕಥೆಯನ್ನು ಯು.ಆರ್. ಅನಂತಮೂರ್ತಿ ಬರೆದರು, ಗಿರೀಶ್ ಕಾಸರವಳ್ಳಿ 1977ರಲ್ಲಿ ಅದನ್ನು ಚಲನಚಿತ್ರವಾಗಿಸಿದರು, ಅದು ಸ್ವರ್ಣಕಮಲ ಪಡೆಯಿತು. ಹೆಣ್ಣಿನ ಒಡಲನ್ನು ದೇವರ ಮನೆಗೆ ಮಾದರಿಯಾಗಿ ತೆಗೆದುಕೊಂಡ ಪರಂಪರೆ ಆ ಹೆಣ್ಣಿಗೇ ಅಷ್ಟು ಗೌರವ ಕೊಡಲಿಲ್ಲ. ಈ ಸಂಕೇತಗಳ ಚರಿತ್ರೆಯಲ್ಲಿ ಗರ್ಭಗುಡಿ, ಬೃಂದಾವನಗಳಿಗೆ ಇರುವಷ್ಟೇ ಜಾಗ ಒಡೆದ ಆ ಮಡಕೆಗೂ ಸಲ್ಲಬೇಕು.