ರಾಜರ ವೀಡಿ, ನಮ್ಮ ಕಾವಲು

ಅಹಮದಾಬಾದಿನಿಂದ ಧೋಲೇರಾ ದಾಟಿ ಭಾವನಗರದ ಕಡೆ ಹೋದರೆ ಮರವೇ ಕಾಣದ ಬಯಲು. ಇಲ್ಲಿಯವರು ಇದನ್ನು ಭಾಲ್ ಅನ್ನುತ್ತಾರೆ, ಎಂದರೆ ಹಣೆ. ಅಷ್ಟು ಚಪ್ಪಟೆ. ವೇಳಾವದರ್ ಕೃಷ್ಣಮೃಗ ರಾಷ್ಟ್ರೀಯ ಉದ್ಯಾನ ಇರುವುದು ಇಲ್ಲೇ. ಸುಮಾರು 34 ಚದರ ಕಿ.ಮೀ.; ಬಂಡೀಪುರದ ಇಪ್ಪತ್ತೈದರಲ್ಲಿ ಒಂದು ಪಾಲೂ ಇಲ್ಲ.

ಇಲ್ಲಿನ ಹುಲ್ಲು ಉಳಿದದ್ದು ಪ್ರಾಣಿದಯೆಯಿಂದಲ್ಲ. ಸಂಸ್ಥಾನದ ಕಾಲದಲ್ಲಿ ಇದು ಭಾವನಗರದ ಅರಸರ ವೀಡಿ, ಅಂದರೆ ಕಾದಿಟ್ಟ ಹುಲ್ಲುಗಾವಲು. ಜಾನುವಾರಿಗೆ ಮೇವು, ಅರಸರಿಗೆ ಬೇಟೆ. ಪಳಗಿಸಿದ ಚೀತಾಗಳನ್ನು ಕೃಷ್ಣಮೃಗಗಳ ಮೇಲೆ ಬಿಡುತ್ತಿದ್ದರು. ದೇಶದ ಚೀತಾ ಸಿಗದಂತಾದಾಗ ಆಫ್ರಿಕಾದಿಂದ ತರಿಸಿದರು. ಹಳೇ ಮೈಸೂರಿನವರಿಗೆ ಈ ಏರ್ಪಾಡು ಅಪರಿಚಿತವಲ್ಲ. ನಮ್ಮ ಅಮೃತಮಹಲ್ ಕಾವಲುಗಳೂ ಹೀಗೆಯೇ, ದಂಡಿನ ಎತ್ತುಗಳಿಗಾಗಿ ಉಳಿದ ಹುಲ್ಲು.

1948ರ ಜನವರಿಯಲ್ಲಿ ಮಹಾರಾಜ ಕೃಷ್ಣಕುಮಾರಸಿಂಹಜಿ ಅಧಿಕಾರ ಬಿಟ್ಟುಕೊಟ್ಟರು, ಅದೇ ವರ್ಷ ಮದ್ರಾಸಿಗೆ ರಾಜ್ಯಪಾಲರಾಗಿ ಹೋದರು. ರಾಜರ ಜೊತೆ ಕಾವಲೂ ಹೋಯಿತು. ಬಯಲಿಗೆ ನೇಗಿಲು ಬಿತ್ತು, ಕೋವಿಗೆ ಅಡ್ಡಿ ಇಲ್ಲದಾಯಿತು. ಅರವತ್ತರ ದಶಕದ ಹೊತ್ತಿಗೆ ಕೃಷ್ಣಮೃಗಗಳು ಬಹಳ ಕಡಿಮೆಯಾಗಿದ್ದವು. ರಾಷ್ಟ್ರೀಯ ಉದ್ಯಾನವಾದದ್ದು 1976ರಲ್ಲಿ.

ಆಮೇಲಿನ ಶತ್ರು ನಮಗೆ ಚೆನ್ನಾಗಿ ಗೊತ್ತಿರುವವನೇ: ಬಳ್ಳಾರಿ ಜಾಲಿ. ಗುಜರಾತಿನಲ್ಲಿ ಅದಕ್ಕೆ ಗಾಂಡೋ ಬಾವಳ್, ಹುಚ್ಚು ಜಾಲಿ ಎಂದು ಹೆಸರು. ಉಪ್ಪುನೆಲ ಹರಡದಿರಲೆಂದು ಸರ್ಕಾರವೇ ನೆಟ್ಟಿದ್ದು. ಕೃಷ್ಣಮೃಗಗಳು ಅದರ ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಹರಡುತ್ತವೆ. ತಮ್ಮ ಹುಲ್ಲಿಗೆ ತಾವೇ ಮುಳ್ಳು ಬಿತ್ತಿದ ಹಾಗೆ. ಮರ ನೆಡುವುದೆಲ್ಲ ಪುಣ್ಯದ ಕೆಲಸ ಎಂಬ ನಂಬಿಕೆ ಬಯಲುಸೀಮೆಗೆ ಹೊಂದುವುದಿಲ್ಲ. 1974ರಲ್ಲಿ ಅಭಯಾರಣ್ಯವಾದ ರಾಣೆಬೆನ್ನೂರನ್ನು ನೋಡಿ: ಹುಲ್ಲಿದ್ದಲ್ಲಿ ನೀಲಗಿರಿ ತೋಪು ಎದ್ದಿತು. ಕೃಷ್ಣಮೃಗ ಹೇಗೋ ಹೊಂದಿಕೊಂಡಿತು, ಎರೆಬೂತ ಹಕ್ಕಿ ಕಾಣೆಯಾಯಿತು.

ಹುಲ್ಲು ಉಳಿದರೆ ಏನಾಗುತ್ತದೆಂದು ತಿಳಿಯಲು ಚಳಿಗಾಲದ ಸಂಜೆ ವೇಳಾವದರಿಗೆ ಹೋಗಬೇಕು. ಮಧ್ಯ ಏಷ್ಯಾದ ಕಡೆಯಿಂದ ಬಂದ ಹ್ಯಾರಿಯರ್ ಹಕ್ಕಿಗಳು ಹಗಲೆಲ್ಲ ಸುತ್ತಲಿನ ಹೊಲಗಳಲ್ಲಿ ಮಿಡತೆ ಹಿಡಿದು, ಕತ್ತಲಾಗುವ ಮುಂಚೆ ನೂರಾರು ಸಂಖ್ಯೆಯಲ್ಲಿ ಹುಲ್ಲಿನೊಳಗೆ ಇಳಿಯುತ್ತವೆ. ಕೂರುವುದು ಮರದ ಮೇಲಲ್ಲ, ನೆಲದ ಮೇಲೆ.

ಕಂದಾಯದ ಕಡತದಲ್ಲಿ ಇಂಥ ನೆಲಕ್ಕೆ ಸಿಗುವ ಹೆಸರು ಬಂಜರು. ಬಂಜರೆಂದ ಮೇಲೆ ಯಾರಿಗೆ ಕೊಟ್ಟರೂ ನಡೆಯುತ್ತದೆ. ಚಳ್ಳಕೆರೆಯ ಕಾವಲು ರಕ್ಷಣಾ, ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಉದ್ಯಾನದ ಉತ್ತರಕ್ಕೆ, ಧೋಲೇರಾದಲ್ಲಿ, ಸುಮಾರು 920 ಚದರ ಕಿ.ಮೀ. ಹೂಡಿಕೆ ವಲಯ ಎದ್ದೇಳುತ್ತಿದೆ. ನಮ್ಮಲ್ಲಿ ಕೆಲವರ ಮುಂದಿನ ನೌಕರಿ ಅಲ್ಲೇ ಇರಬಹುದು. ಆದರೆ ಭಾಲ್‌ನ ಕೃಷ್ಣಮೃಗಗಳು 34 ಚದರ ಕಿ.ಮೀ. ಒಳಗೇ ನಿಲ್ಲುವುದಿಲ್ಲ. ಹೊರಗಿನ ಹೊಲ, ಪಡಗಳಲ್ಲೂ ಮೇಯುತ್ತವೆ. ಮಳೆಗಾಲದಲ್ಲಿ ಬಯಲಿಗೆ ನೀರು ನುಗ್ಗಿದಾಗ ಒಣ ದಿಬ್ಬ ಹುಡುಕಿಕೊಂಡು ಹೊರಡುತ್ತವೆ.